ಕಾಲಾಳು ಕೊಟ್ಟು ದಾಳಿ ಗಳಿಸುವುದು: ಇವಾನ್ಸ್ ಗ್ಯಾಂಬಿಟ್ ಕಲಿಯಲು ಸಮಗ್ರ ಮಾರ್ಗದರ್ಶಿ

ಚದುರಂಗದ ಮೊದಲ ಕೆಲವು ನಡೆಗಳಲ್ಲಿಯೇ ಒಂದೆರಡು ಕಾಲಾಳುಗಳನ್ನು ಬೇಕೆಂದೇ ಎದುರಾಳಿಗೆ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಕಾಯಿಗಳನ್ನು ಬೇಗ ಹೊರತರುವ ಅನುಕೂಲ, ಮಣೆಯ ನಡುಭಾಗದ ಹಿಡಿತ ಮತ್ತು ಎದುರಾಳಿಯ ರಾಜನ ಕಡೆಗೆ ತೆರೆದ ದಾರಿಗಳನ್ನು ಪಡೆಯುವ ಆಟಕ್ರಮವನ್ನು ಗ್ಯಾಂಬಿಟ್ ಎನ್ನುತ್ತಾರೆ. ಕಾಲಾಳನ್ನು ಕೊಡುವುದು ಯಾರಿಗೂ ಕಷ್ಟವಲ್ಲ. ಕೊಟ್ಟದ್ದಕ್ಕೆ ಪ್ರತಿಯಾಗಿ ಬರಬೇಕಾದುದನ್ನು ವಸೂಲು ಮಾಡುವುದೇ ಕಷ್ಟ. ಗ್ಯಾಂಬಿಟ್ ಆಡಿ ಸೋಲುವ ಹೊಸಬರ ಆಟಗಳನ್ನು ನೋಡಿದರೆ, ಸೋಲಿಗೆ ಕಾರಣ ಸಾಮಾನ್ಯವಾಗಿ ಬಲಿಕೊಟ್ಟ ಕಾಲಾಳಾಗಿರುವುದಿಲ್ಲ. ಬಲಿಕೊಟ್ಟ ಮೇಲೆ ಏನೂ ಆಗಿಲ್ಲವೆಂಬಂತೆ ಆಡಿದ ಎರಡು ಮೂರು ನಿಧಾನದ ನಡೆಗಳು ಅಥವಾ ಚೆಕ್‌ಮೇಟ್ ಇಲ್ಲದ ಕಡೆ ಅದನ್ನೇ ಹುಡುಕಿ ಕಳೆದುಕೊಂಡ ಅವಕಾಶಗಳು ಆ ಸೋಲನ್ನು ತಂದಿರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹತ್ತಾರು ಗ್ಯಾಂಬಿಟ್‌ಗಳ ಪಟ್ಟಿ ಇಲ್ಲ. ಇವಾನ್ಸ್ ಗ್ಯಾಂಬಿಟ್ ಎಂಬ ಒಂದನ್ನೇ ಹಿಡಿದು, ಕೊಟ್ಟ ಕಾಲಾಳಿನ ಬೆಲೆ ಪ್ರತಿ ಹಂತದಲ್ಲಿ ಯಾವ ರೂಪದಲ್ಲಿ ನಿಂತಿದೆ ಎಂಬುದನ್ನು ಗುರುತಿಸುವ ಅಭ್ಯಾಸವನ್ನು ಇಲ್ಲಿ ವಿವರಿಸಲಾಗಿದೆ.

ಬರಹದುದ್ದಕ್ಕೂ ಕಾಯಿಗಳಿಗೆ ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು ಎಂಬ ಹೆಸರುಗಳನ್ನು ಬಳಸಲಾಗಿದೆ. ಬಿಳಿಯ ಎಡಗಡೆಯಿಂದ ಬಲಕ್ಕೆ ಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿನಿಂದ ಮೇಲಕ್ಕೆ 1ರಿಂದ 8. ಕಾಯಿಯ ಹೆಸರಿಲ್ಲದೆ ಮನೆಯನ್ನು ಮಾತ್ರ ಹೇಳಿದಾಗ ಅದು ಕಾಲಾಳಿನ ನಡೆ. × ಎಂಬುದು ಎದುರಾಳಿಯ ಕಾಯಿಯನ್ನು ಹೊಡೆದ ಗುರುತು. ಸಂಖ್ಯೆಯ ನಂತರ ಮೂರು ಚುಕ್ಕೆಗಳಿದ್ದರೆ ಅಲ್ಲಿಂದ ಶುರುವಾಗುವುದು ಕಪ್ಪಿನ ನಡೆ. ಓದುವಾಗ ಮುಂದೆ ಒಂದು ಮಣೆಯನ್ನು ಹರಡಿಕೊಳ್ಳುವುದು ಅಗತ್ಯ.

ಮೊದಲು ಲೆಕ್ಕ ಕಲಿಯಿರಿ

ಒಂದು ಕಾಲಾಳು ಸುಮಾರು ಮೂರು ನಡೆಗಳಿಗೆ ಸಮ ಎಂಬುದು ಹಳೆಯ ಆಟಗಾರರ ಅಂದಾಜು. ಇದು ಗಣಿತದ ನಿಯಮವಲ್ಲದಿದ್ದರೂ ಆರಂಭದ ಹಂತದಲ್ಲಿ ಬಹಳ ಉಪಯುಕ್ತವಾದ ಅಳತೆಗೋಲು. ಕಾಲಾಳು ಕೊಟ್ಟ ಮೇಲೆ ಎರಡೂ ಕಡೆಯಲ್ಲಿ ಮೂಲಸ್ಥಾನ ಬಿಟ್ಟು ಹೊರಬಂದ ಕಾಯಿಗಳನ್ನು ಎಣಿಸಿ. ಕ್ಯಾಸಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸುವುದು) ಆಗಿದ್ದರೆ ಅದನ್ನೂ ಒಂದು ಎಂದು ಸೇರಿಸಿ. ಮುಂದಿನ ನಡೆ ಯಾರದು ಎಂಬುದನ್ನು ಗಮನಿಸಿ. ನಿಮ್ಮ ಕಡೆ ಎರಡು ಮೂರು ನಡೆ ಮುಂದಿದ್ದರೆ ಬಲಿಗೆ ಅರ್ಥವಿದೆ. ಸಮವಾಗಿದ್ದರೆ ನೀವು ಕೇವಲ ಒಂದು ಕಾಲಾಳು ಕಡಿಮೆ ಇರುವ ಆಟವನ್ನು ಆಡುತ್ತಿದ್ದೀರಿ.

ಈ ಲೆಕ್ಕ ಎಲ್ಲ ಗ್ಯಾಂಬಿಟ್‌ಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. 1. ಡಿ4 ಡಿ5 2. ಸಿ4 ಎಂದು ಶುರುವಾಗುವ ಕ್ವೀನ್ಸ್ ಗ್ಯಾಂಬಿಟ್ ಹೆಸರಿಗಷ್ಟೇ ಗ್ಯಾಂಬಿಟ್. ಕಪ್ಪು ಆ ಕಾಲಾಳನ್ನು ಹೊಡೆದು ಉಳಿಸಿಕೊಳ್ಳಲು ಹೊರಟು 2... ಡಿ×ಸಿ4 3. ಇ3 ಬಿ5 4. ಎ4 ಸಿ6 5. ಎ×ಬಿ5 ಸಿ×ಬಿ5 ಎಂದು ಆಡಿದರೆ 6. ರಾಣಿ ಎಫ್3 ಎಂಬ ಒಂದೇ ನಡೆಯಿಂದ ಎ8ರ ಆನೆ ಸಿಕ್ಕಿಬಿದ್ದು, ಕನಿಷ್ಠ ಒಂದು ಕುದುರೆಯೋ ಒಂಟೆಯೋ ಹೋಗುತ್ತದೆ. ಕಪ್ಪಿನ ಬೆಂಕೊ ಗ್ಯಾಂಬಿಟ್‌ನಲ್ಲಿ ಕಾಲಾಳಿಗೆ ಬದಲಾಗಿ ಸಿಗುವುದು ರಾಜನ ಮೇಲಿನ ದಾಳಿಯಲ್ಲ. ಎ ಮತ್ತು ಬಿ ಸಾಲುಗಳಲ್ಲಿ ಆನೆಗಳ ದೀರ್ಘಕಾಲದ ಒತ್ತಡ, ಅದು ರಾಣಿಗಳು ಹೋದ ಮೇಲೂ ಉಳಿಯುತ್ತದೆ. ಇವಾನ್ಸ್, ಡ್ಯಾನಿಷ್, ಸ್ಮಿತ್-ಮೋರಾದಂಥ ಗ್ಯಾಂಬಿಟ್‌ಗಳಲ್ಲಿ ಮಾತ್ರ ಗಳಿಕೆ ವೇಗದ ರೂಪದಲ್ಲಿರುತ್ತದೆ. ವೇಗವನ್ನು ಕೂಡಲೇ ಬಳಸದಿದ್ದರೆ ಅದು ಕರಗಿಹೋಗುತ್ತದೆ.

ಡ್ಯಾನಿಷ್ ಗ್ಯಾಂಬಿಟ್‌ನ ಒಂದು ಸಾಲು, ಅಂದರೆ ನಡೆಗಳ ಸರಣಿ, ಇದನ್ನು ಚೆನ್ನಾಗಿ ತೋರಿಸುತ್ತದೆ. 1. ಇ4 ಇ5 2. ಡಿ4 ಇ×ಡಿ4 3. ಸಿ3 ಡಿ×ಸಿ3 4. ಒಂಟೆ ಸಿ4 ಸಿ×ಬಿ2 5. ಒಂಟೆ×ಬಿ2. ಬಿಳಿ ಎರಡು ಕಾಲಾಳುಗಳನ್ನು ಕೊಟ್ಟಿದೆ. ಅದರ ಎರಡು ಒಂಟೆಗಳು ಕಪ್ಪಿನ ರಾಜನ ಕೋಟೆಯತ್ತ ನೇರ ದೃಷ್ಟಿ ಇಟ್ಟು ನಿಂತಿವೆ. ಕಪ್ಪಿನ ಒಂದು ಕಾಯಿಯೂ ಹೊರಬಂದಿಲ್ಲ. ನೋಡಲು ಭಯಂಕರವಾದ ಈ ಸ್ಥಿತಿಯಲ್ಲಿ ಕಪ್ಪು 5... ಡಿ5 ಎಂದು ಒಂದು ಕಾಲಾಳನ್ನು ಹಿಂದಿರುಗಿಸಿದರೆ 6. ಒಂಟೆ×ಡಿ5 ಕುದುರೆ ಎಫ್6 7. ಒಂಟೆ×ಎಫ್7 ಚೆಕ್, ರಾಜ×ಎಫ್7 8. ರಾಣಿ×ಡಿ8 ಒಂಟೆ ಬಿ4 ಚೆಕ್ 9. ರಾಣಿ ಡಿ2 ಒಂಟೆ×ಡಿ2 ಚೆಕ್ 10. ಕುದುರೆ×ಡಿ2. ರಾಣಿಗಳು ಹೋದವು, ಎರಡೂ ಕಡೆ ಐದೈದು ಕಾಲಾಳು, ದಾಳಿಯ ಸುಳಿವೇ ಇಲ್ಲ. ಗ್ಯಾಂಬಿಟ್ ಎದುರಿಸುವವರ ಅತ್ಯುತ್ತಮ ಆಯುಧ ಇದೇ: ಪಡೆದದ್ದನ್ನು ತಕ್ಕ ಹೊತ್ತಿನಲ್ಲಿ ಹಿಂದಿರುಗಿಸುವುದು. ದಾಳಿ ಮಾಡುವವರು ಮೊದಲ ದಿನದಿಂದಲೇ ಇದಕ್ಕೆ ಸಿದ್ಧರಾಗಿರಬೇಕು.

ಇವಾನ್ಸ್ ಗ್ಯಾಂಬಿಟ್ ಏಕೆ

1820ರ ದಶಕದಲ್ಲಿ ವಿಲಿಯಂ ಡೇವಿಸ್ ಇವಾನ್ಸ್ ಎಂಬ ವೇಲ್ಸ್‌ನ ಹಡಗಿನ ಕ್ಯಾಪ್ಟನ್ ಈ ಗ್ಯಾಂಬಿಟ್ ಅನ್ನು ಬಳಕೆಗೆ ತಂದರು. ಆ ಶತಮಾನದ ಪ್ರಮುಖ ಆಟಗಾರರಾದ ಆಂಡರ್ಸನ್, ಮಾರ್ಫಿ, ಚಿಗೋರಿನ್ ಎಲ್ಲರೂ ಇದನ್ನು ಆಡಿದರು. ಬಳಿಕ ಎಮಾನ್ಯುಯೆಲ್ ಲಾಸ್ಕರ್ ಹುಡುಕಿದ ರಕ್ಷಣೆಯಿಂದಾಗಿ ಇದರ ಹೊಳಪು ಕುಂದಿತು. 1995ರಲ್ಲಿ ರಿಗಾ ನಗರದಲ್ಲಿ ಗ್ಯಾರಿ ಕಾಸ್ಪರೋವ್ ಇದನ್ನು ನಮ್ಮ ವಿಶ್ವನಾಥನ್ ಆನಂದ್ ಅವರ ಎದುರು ಆಡಿ 25 ನಡೆಗಳಲ್ಲಿ ಗೆದ್ದಾಗ ಮತ್ತೆ ಎಲ್ಲರ ಬಾಯಿಗೆ ಬಂತು. ನೆಲದ ನಂಟಿಗಾಗಿ ಹುಡುಕುವವರಿಗೆ ಇನ್ನೊಂದು ಗ್ಯಾಂಬಿಟ್ ಉಂಟು: 1840ರ ದಶಕದಲ್ಲಿ ಕಲ್ಕತ್ತೆಯಲ್ಲಿ ವಕೀಲರಾಗಿದ್ದ ಜಾನ್ ಕಾಕ್ರನ್, ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಅವರ ಎದುರು ಪೆಟ್ರಾಫ್ ರಕ್ಷಣೆ ಎಂಬ ಆರಂಭದ ಆಟಕ್ರಮದಲ್ಲಿ ನಾಲ್ಕನೆಯ ನಡೆಗೇ ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟ ಕ್ರಮ ಇಂದಿಗೂ ಅವರ ಹೆಸರಿನಲ್ಲಿದೆ. ಆದರೆ ಕಲಿಯುವವರಿಗೆ ಅದು ತಕ್ಕದ್ದಲ್ಲ; ಎರಡು ಕಾಲಾಳಿಗೆ ಒಂದು ಕುದುರೆ ಕೊಟ್ಟ ಮೇಲೆ ಲೆಕ್ಕ ತಪ್ಪಿದರೆ ಹಿಂದಿರುಗುವ ದಾರಿ ಇರುವುದಿಲ್ಲ. ಇವಾನ್ಸ್‌ನಲ್ಲಿ ಹೋಗುವುದು ಅಂಚಿನ ಕಡೆಯ ಒಂದು ಕಾಲಾಳು ಮಾತ್ರ, ಬರುವುದು ನಡುಭಾಗ. ಕಿಂಗ್ಸ್ ಗ್ಯಾಂಬಿಟ್‌ನಲ್ಲಿ ಆಗುವಂತೆ ನಿಮ್ಮದೇ ರಾಜನ ಮುಂದಿನ ಬಾಗಿಲು ತೆರೆಯುವುದಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಗುಣ.

ಹಂತ 1: ಸ್ಥಿತಿಯನ್ನು ಕಟ್ಟುವುದು

1. ಇ4 ಇ5 2. ಕುದುರೆ ಎಫ್3 ಕುದುರೆ ಸಿ6 3. ಒಂಟೆ ಸಿ4 ಒಂಟೆ ಸಿ5 4. ಬಿ4

ಕಪ್ಪಿನ ಎಫ್7 ಮನೆಯನ್ನು ಕಾಯುತ್ತಿರುವುದು ರಾಜನೊಬ್ಬನೇ. ಸಿ4ರ ಒಂಟೆ ಮೂರನೆಯ ನಡೆಯಿಂದಲೇ ಅದನ್ನು ಗುರಿಯಾಗಿಸಿದೆ. ಬಿಳಿಗೆ ಬೇಕಾದದ್ದು ಸಿ3 ಮತ್ತು ಡಿ4 ನಡೆಗಳಿಂದ ನಡುಭಾಗವನ್ನು ತುಂಬುವುದು. ಬಲಿಯಿಲ್ಲದೆಯೇ 4. ಸಿ3 ಎಂದು ಆಡಬಹುದು, ಆಗ ಕಪ್ಪು 4... ಕುದುರೆ ಎಫ್6 ಎಂದು ಇ4ರ ಮೇಲೆ ಎರಗುತ್ತದೆ. ಬಿ4 ಎಂಬ ನಡೆ ಕಪ್ಪಿನ ಒಂಟೆಯನ್ನು ಆ ಮನೆಗೆ ಕರೆಯುತ್ತದೆ. 4... ಒಂಟೆ×ಬಿ4 ಆದ ಮೇಲೆ 5. ಸಿ3 ಬಂದಾಗ ಒಂಟೆ ಮತ್ತೆ ಓಡಬೇಕು. ಅಂದರೆ ಬಿಳಿ ಹೇಗೂ ಆಡಬೇಕಾಗಿದ್ದ ನಡೆಯೊಂದು ಎದುರಾಳಿಯ ಸಮಯವನ್ನು ಕಸಿದುಕೊಂಡು ಬಂತು. ಅದರ ಹಿಂದೆಯೇ 6. ಡಿ4. ಇದಲ್ಲದೆ ಬಿ ಕಾಲಾಳು ಹೋದದ್ದರಿಂದ ಸಿ1ರ ಒಂಟೆಗೆ ಎ3 ಮನೆಯೂ, ಸಿ ಕಾಲಾಳು ಮುಂದೆ ಸರಿದದ್ದರಿಂದ ರಾಣಿಗೆ ಬಿ3 ಮನೆಯೂ ತೆರೆದುಕೊಂಡವು. ಎ3ರಲ್ಲಿ ಕುಳಿತ ಒಂಟೆ ಎಫ್8 ಮನೆಯನ್ನು ನೋಡುತ್ತಾ ಕಪ್ಪಿನ ಕ್ಯಾಸಲಿಂಗ್ ತಡೆಯುತ್ತದೆ. ಬಿ3ರ ರಾಣಿ ಎಫ್7ರ ಮೇಲೆ ಎರಡನೆಯ ಒತ್ತಡ ಹಾಕುತ್ತದೆ. ಈ ಎರಡು ಮನೆಗಳನ್ನು ನೆನಪಿಟ್ಟುಕೊಂಡವರಿಗೆ ಮುಂದಿನ ಅರ್ಧ ಸಿದ್ಧಾಂತ ತಾನಾಗಿ ಹೊಳೆಯುತ್ತದೆ.

ಕಪ್ಪು ಕುದುರೆಯಿಂದ ಹೊಡೆದು 4... ಕುದುರೆ×ಬಿ4 ಎಂದರೂ 5. ಸಿ3 ಕುದುರೆ ಸಿ6 6. ಡಿ4 ಎಂದು ಅದೇ ಬಗೆಯ ಸ್ಥಿತಿಗೆ ಬರಬಹುದು. ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

ಹಂತ 2: ಒಂಟೆ ಎ5ಕ್ಕೆ ಹೋದಾಗ

5. ಸಿ3 ಬಂದ ಮೇಲೆ ಹೆಚ್ಚಾಗಿ ಎದುರಾಗುವ ಉತ್ತರ 5... ಒಂಟೆ ಎ5. ಒಂಟೆ ಅಲ್ಲಿಂದ ಸಿ3ರ ಕಾಲಾಳನ್ನು ಒತ್ತುತ್ತಾ ಡಿ4ಕ್ಕೆ ಅಡ್ಡಿ ಮಾಡಲು ನೋಡುತ್ತದೆ. ಬಿಳಿ ಹೆದರದೆ 6. ಡಿ4 ಆಡಬೇಕು.

ಈಗ 6... ಇ×ಡಿ4 ಎಂದು ಕಪ್ಪು ಇನ್ನೊಂದು ಕಾಲಾಳನ್ನು ಹೊಡೆದರೆ 7. ಕ್ಯಾಸಲಿಂಗ್ ಎಂಬುದು ಹಳೆಯ ಗುರುಗಳ ನಡೆ. ಆಸೆಬುರುಕ ಕಪ್ಪು 7... ಡಿ×ಸಿ3 ಎಂದು ಮೂರನೆಯದನ್ನೂ ತಿನ್ನುತ್ತದೆ. 8. ರಾಣಿ ಬಿ3 ಎಂದು ಎಫ್7ರ ಮೇಲೆ ಬಿದ್ದಾಗ 8... ರಾಣಿ ಎಫ್6 ಎಂಬ ರಕ್ಷಣೆ ಬರುತ್ತದೆ, 9. ಇ5. ಕಾಲಾಳಿನಿಂದ ರಾಣಿಯನ್ನು ಓಡಿಸುವ ಈ ನಡೆಯನ್ನು ನೋಡಿ ಇ5ರಲ್ಲಿ ಇನ್ನೊಂದು ಕಾಲಾಳು ಪುಕ್ಕಟೆ ಸಿಕ್ಕಿತೆಂದು ಕಪ್ಪು ಭಾವಿಸಿ 9... ಕುದುರೆ×ಇ5 ಆಡಿದರೆ ಏನಾಗುತ್ತದೆ ಎಂಬುದನ್ನು ಮಣೆಯ ಮೇಲೆ ನಿಧಾನವಾಗಿ ನೋಡಿ. 10. ಆನೆ ಇ1 ಎಂದಾಗ ಆ ಕುದುರೆ ತನ್ನ ರಾಜನ ಮುಂದೆ ಇ ಸಾಲಿನಲ್ಲಿ ಕಟ್ಟಿಹಾಕಿದಂತಾಗುತ್ತದೆ. ಅದನ್ನು ಕಾಯಲು 10... ಡಿ6 ಎಂದರೆ 11. ರಾಣಿ ಬಿ5 ಚೆಕ್. ಸಿ6ರ ಕುದುರೆ ಇ5ಕ್ಕೆ ಹೋಗಿರುವುದರಿಂದಲೂ, ಡಿ7ರ ಕಾಲಾಳು ಡಿ6ಕ್ಕೆ ಸರಿದಿರುವುದರಿಂದಲೂ ಬಿ5ರಿಂದ ಇ8ರವರೆಗಿನ ಓರೆದಾರಿ ಖಾಲಿಯಾಗಿದೆ. ರಾಣಿಯ ಪಕ್ಕದ ಮನೆಯಲ್ಲಿಯೇ ಕಾವಲಿಲ್ಲದ ಎ5ರ ಒಂಟೆ ನಿಂತಿದೆ. ಕುದುರೆ ಸಿ6ಕ್ಕೆ ಮರಳಿದರೆ ಚೆಕ್ಕನ್ನೂ ತಡೆದು ಒಂಟೆಯನ್ನೂ ಕಾಯಬಹುದಿತ್ತು, ಆದರೆ ಇ1ರ ಆನೆಯಿಂದಾಗಿ ಅದು ಅಲುಗಾಡುವಂತಿಲ್ಲ. ಒಂಟೆ ಹೋಗುತ್ತದೆ. ಕೊಟ್ಟ ಕಾಲಾಳುಗಳಲ್ಲಿ ಪ್ರತಿಯೊಂದೂ ಇಲ್ಲಿ ಕೆಲಸ ಮಾಡಿದೆ ಎಂಬುದನ್ನು ಗಮನಿಸಬೇಕು.

ತಿಳಿದ ಕಪ್ಪು 9... ರಾಣಿ ಜಿ6 ಎಂದು ಆಡುತ್ತದೆ. ಆಗ 10. ಕುದುರೆ×ಸಿ3 ಕುದುರೆ ಜಿ8ರಿಂದ ಇ7 11. ಒಂಟೆ ಎ3. ಬಿಳಿ ಎರಡು ಕಾಲಾಳು ಕಡಿಮೆ ಇದ್ದರೂ ಅದರ ಎಲ್ಲ ಕಾಯಿಗಳೂ ಉಸಿರಾಡುತ್ತಿವೆ, ಎ1 ಮತ್ತು ಎಫ್1ರ ಆನೆಗಳು ಡಿ1 ಮತ್ತು ಇ1 ಮನೆಗಳಿಗೆ ಬರಲು ಸಿದ್ಧವಾಗಿವೆ. 1852ರಲ್ಲಿ ಬರ್ಲಿನ್‌ನಲ್ಲಿ ಅಡಾಲ್ಫ್ ಆಂಡರ್ಸನ್ ಅವರು ಡುಫ್ರೇನ್ ಅವರ ಎದುರು ಆಡಿ, ಎವರ್‌ಗ್ರೀನ್ ಎಂಬ ಹೆಸರು ಪಡೆದ ಆಟವೂ ಇದೇ ಕುಟುಂಬದ್ದು. ಅಲ್ಲಿ ಕಪ್ಪು 7... ಡಿ3 ಎಂದು ಆಡಿತ್ತು. ಕೊನೆಯಲ್ಲಿ ಆನೆ ಮತ್ತು ರಾಣಿಯನ್ನು ಬೆನ್ನುಬೆನ್ನಿಗೆ ಬಲಿಕೊಟ್ಟು ಎರಡು ಒಂಟೆಗಳಿಂದ 24ನೆಯ ನಡೆಯಲ್ಲಿ ಮೇಟ್ ಮಾಡಿದ ಆ ಆಟವನ್ನು ಎಲ್ಲರೂ ಕೊನೆಯ ಸೊಗಸಿಗಾಗಿ ನೋಡುತ್ತಾರೆ. ನೀವು 8ರಿಂದ 15ರವರೆಗಿನ ನಡೆಗಳನ್ನು ನೋಡಿ. ಆನೆ ಇ1ಕ್ಕೆ, ಒಂಟೆ ಎ3ಕ್ಕೆ, ಕುದುರೆ ಡಿ2ರಿಂದ ಇ4ಕ್ಕೆ ಬರುತ್ತಾ ಒಂದೊಂದೇ ಕಾಯಿ ಒಂದೇ ಕಡೆಗೆ ಸೇರುತ್ತದೆ.

ಎಚ್ಚರಿಕೆಯ ಮಾತು. 7. ಕ್ಯಾಸಲಿಂಗ್ ಆದ ಕೂಡಲೇ ಕಪ್ಪು ಏನನ್ನೂ ತಿನ್ನದೆ 7... ಕುದುರೆ ಜಿ8ರಿಂದ ಇ7 ಆಡಿದರೆ, 8. ಸಿ×ಡಿ4 ಡಿ5 ಎಂದು ನಡುಭಾಗವನ್ನು ಒಡೆದು ಸುಧಾರಿಸಿಕೊಳ್ಳುತ್ತದೆ. ಇದು ಇಷ್ಟವಿಲ್ಲದವರು ಏಳನೆಯ ನಡೆಯಲ್ಲಿ ಕ್ಯಾಸಲಿಂಗ್ ಬದಲು ನೇರವಾಗಿ ರಾಣಿ ಬಿ3 ಆಡಬಹುದು. ಆಗ ಕಪ್ಪಿನ ರಾಣಿ ಎಫ್6 ಅಥವಾ ಇ7ಕ್ಕೆ ಬರಲೇಬೇಕಾಗುತ್ತದೆ.

ಹಂತ 3: ಲಾಸ್ಕರ್ ತೋರಿಸಿದ ಗೋಡೆ

5... ಒಂಟೆ ಎ5 6. ಡಿ4 ಡಿ6. ಕಪ್ಪು ಎರಡನೆಯ ಕಾಲಾಳನ್ನು ಮುಟ್ಟುವುದಿಲ್ಲ. ಇಲ್ಲಿ ಅಭ್ಯಾಸಬಲದಿಂದ 7. ಕ್ಯಾಸಲಿಂಗ್ ಮಾಡಿದರೆ 7... ಒಂಟೆ ಬಿ6 ಬರುತ್ತದೆ. ಆಮೇಲೆ ಕಾಲಾಳನ್ನು ಮರಳಿ ಪಡೆಯಲು 8. ಡಿ×ಇ5 ಡಿ×ಇ5 9. ರಾಣಿ×ಡಿ8 ಚೆಕ್, ಕುದುರೆ×ಡಿ8 10. ಕುದುರೆ×ಇ5 ಎಂದು ಆಡಿದರೆ ಎರಡೂ ಕಡೆ ಆರಾರು ಕಾಲಾಳು. ಲೆಕ್ಕ ಸಮವಾಯಿತೆಂದು ಸಂತೋಷಪಡುವ ಮೊದಲು ಎ2 ಮತ್ತು ಸಿ3ರ ಕಾಲಾಳುಗಳನ್ನು ನೋಡಿ: ಎರಡೂ ಒಂಟಿಯಾಗಿವೆ, ಅಕ್ಕಪಕ್ಕದಲ್ಲಿ ಕಾಯುವವರಿಲ್ಲ. ಕಪ್ಪಿನ ಎ, ಬಿ, ಸಿ ಕಾಲಾಳುಗಳು ಒಟ್ಟಾಗಿ ನಿಂತಿವೆ. ರಾಣಿಗಳಿಲ್ಲದ ಈ ಆಟದಲ್ಲಿ ಮುಂದಿನ ನಲವತ್ತು ನಡೆ ಬೆವರು ಸುರಿಸಬೇಕಾದವರು ನೀವೇ. ಗ್ಯಾಂಬಿಟ್ ಆಡುವವರಿಗೆ ಇದಕ್ಕಿಂತ ಬೇಸರದ ಸಂಗತಿ ಬೇರೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇವಾನ್ಸ್‌ನ ಉತ್ಸಾಹವನ್ನು ತಣ್ಣಗಾಗಿಸಿದ್ದು ಇದೇ.

ಆದ್ದರಿಂದ 6... ಡಿ6 ಎದುರಾದಾಗ 7. ರಾಣಿ ಬಿ3 ಆಡುವುದು ಸರಿ. ಎಫ್7ನ್ನು ಕಾಯಲು 7... ರಾಣಿ ಡಿ7 ಎಂಬುದೇ ಮುಖ್ಯ ಉತ್ತರ. ಆ ರಾಣಿ ತನ್ನದೇ ಸಿ8ರ ಒಂಟೆಯ ದಾರಿಯನ್ನು ಮುಚ್ಚಿ ನಿಲ್ಲುತ್ತದೆ. ನಂತರ 8. ಡಿ×ಇ5 ಎಂದು ಕಾಲಾಳನ್ನು ಮರಳಿ ಪಡೆದಾಗ ರಾಣಿಗಳ ವಿನಿಮಯ ಇಲ್ಲ, ಬಿಳಿಯ ಕಾಯಿಗಳು ಮುಂದಿವೆ. ಕಪ್ಪು ಇಲ್ಲಿ 8... ಒಂಟೆ ಬಿ6 ಆಡಿ, ಕುದುರೆಯನ್ನು ಎ5ಕ್ಕೆ ತಂದು ಬಿ3ರ ರಾಣಿ ಮತ್ತು ಸಿ4ರ ಒಂಟೆ ಎರಡರ ಮೇಲೂ ಬೀಳಲು ಸಿದ್ಧವಾಗುತ್ತದೆ. ಆಟ ತೀಕ್ಷ್ಣವಾಗಿಯೇ ಉಳಿಯುತ್ತದೆ, ನಿಮಗೆ ಬೇಕಾದದ್ದೂ ಅದೇ.

ಒಂದೇ ಸ್ಥಿತಿಯಲ್ಲಿ ಕ್ಯಾಸಲಿಂಗ್ ಎಂಬ ಸಹಜ ನಡೆ ಮತ್ತು ರಾಣಿ ಬಿ3 ಎಂಬ ಕೊಂಚ ಅವಸರದ ನಡೆ ಎಷ್ಟು ಬೇರೆ ಫಲ ಕೊಡುತ್ತವೆ ಎಂಬುದು ಇಲ್ಲಿ ಸ್ಪಷ್ಟವಾಗಿದೆ. ಕೆಲಸಕ್ಕೆ ಮುಂಗಡ ಕೊಟ್ಟವರು ಮರುದಿನವೇ ಬಾಗಿಲಲ್ಲಿ ನಿಂತು ಕೇಳುವಂತೆ, ಕಾಲಾಳು ಕೊಟ್ಟವರ ಪ್ರತಿ ನಡೆಯೂ ಎದುರಾಳಿಯಿಂದ ಏನನ್ನಾದರೂ ಕೇಳುವಂತಿರಬೇಕು.

ಹಂತ 4: ಒಂಟೆ ಇ7ಕ್ಕೆ ಹೋದಾಗ, ಮತ್ತು ರಿಗಾ ಪಂದ್ಯ

5... ಒಂಟೆ ಇ7 ಅತ್ಯಂತ ಸಂಯಮದ ಉತ್ತರ. 6. ಡಿ4 ಕುದುರೆ ಎ5 ಎಂದು ಕಪ್ಪು ಸಿ4ರ ಒಂಟೆಯನ್ನು ಕೇಳುತ್ತದೆ. 7. ಕುದುರೆ×ಇ5 ಎಂದು ಕಾಲಾಳನ್ನು ಹಿಂದಕ್ಕೆ ಪಡೆದರೆ 7... ಕುದುರೆ×ಸಿ4 8. ಕುದುರೆ×ಸಿ4 ಡಿ5 ಬಂದು ಕಪ್ಪಿಗೆ ತೊಂದರೆಯಿಲ್ಲ. ಕಾಸ್ಪರೋವ್ ಆಡಿದ್ದು 7. ಒಂಟೆ ಇ2. ದಾಳಿಯ ಆಟದಲ್ಲಿ ಒಂಟೆಯನ್ನು ಹಿಂದಕ್ಕೆಳೆಯುವುದು ವಿಚಿತ್ರವೆನಿಸಬಹುದು, ಆದರೆ ಒಂಟೆ ಉಳಿಯಿತು, ಎ5ರ ಕುದುರೆ ಅಂಚಿನಲ್ಲಿ ಕೆಲಸವಿಲ್ಲದೆ ಕುಳಿತಿತು.

ಮುಂದೆ 7... ಇ×ಡಿ4 8. ರಾಣಿ×ಡಿ4. ಮಣೆಯ ನಡುವೆ ಬಂದ ರಾಣಿ ಜಿ7ನ್ನು ಗುರಿಯಾಗಿಸುತ್ತದೆ. ಸಾಮಾನ್ಯವಾಗಿ ಇಂಥ ರಾಣಿಯನ್ನು ಸಿ6ರ ಕುದುರೆ ಓಡಿಸುತ್ತದೆ, ಈಗ ಅದು ಅಲ್ಲಿಲ್ಲ. 8... ಕುದುರೆ ಎಫ್6 9. ಇ5 ಕುದುರೆ ಸಿ6 10. ರಾಣಿ ಎಚ್4 ಕುದುರೆ ಡಿ5 11. ರಾಣಿ ಜಿ3 ಜಿ6. ಕೊನೆಯ ನಡೆಯಿಂದ ಜಿ7 ಉಳಿಯಿತು, ಬದಲಿಗೆ ಎಫ್6 ಮತ್ತು ಎಚ್6 ಮನೆಗಳು ಬಯಲಾದವು. ಬಿಳಿ ಗಳಿಸಿದ ವೇಗ ಇಲ್ಲಿ ಕಪ್ಪಿನ ಕೋಟೆಯ ಶಾಶ್ವತ ಬಿರುಕಾಗಿ ರೂಪ ಬದಲಿಸಿದೆ. 12. ಕ್ಯಾಸಲಿಂಗ್ ಕುದುರೆ ಬಿ6 13. ಸಿ4 ಡಿ6 14. ಆನೆ ಡಿ1 ಕುದುರೆ ಡಿ7 15. ಒಂಟೆ ಎಚ್6. ಇ5ರ ಕಾಲಾಳು ಹೋಗಲಿರುವುದು ಕಣ್ಣಿಗೆ ಕಾಣುತ್ತಿದೆ. ಕಾಸ್ಪರೋವ್ ಅದನ್ನು ಕಾಯಲಿಲ್ಲ. ಎಚ್6ರ ಒಂಟೆ ಎಫ್8 ಮನೆಯನ್ನು ಹಿಡಿದಿರುವವರೆಗೆ ಕಪ್ಪಿನ ರಾಜ ಆ ಕಡೆಗೆ ಕ್ಯಾಸಲಿಂಗ್ ಮಾಡುವಂತಿಲ್ಲ. 15... ಕುದುರೆ ಸಿ6×ಇ5 16. ಕುದುರೆ×ಇ5 ಕುದುರೆ×ಇ5 17. ಕುದುರೆ ಸಿ3.

ಇಲ್ಲಿ ನಿಲ್ಲಿ, ಮೊದಲು ಹೇಳಿದ ಲೆಕ್ಕವನ್ನು ಹಾಕಿ. ಬಿಳಿ ಎರಡು ಕಾಲಾಳು ಕಡಿಮೆ. ಆದರೆ ಜಿ3ರ ರಾಣಿ, ಎಚ್6 ಮತ್ತು ಇ2ರ ಒಂಟೆಗಳು, ಸಿ3ರ ಕುದುರೆ, ಡಿ1ರ ಆನೆ ಎಲ್ಲವೂ ಆಟದಲ್ಲಿವೆ, ಮೂಲೆಯಲ್ಲಿ ಉಳಿದದ್ದು ಎ1ರ ಆನೆ ಮಾತ್ರ. ಕಪ್ಪಿನ ಕಡೆ ಇ5ರ ಕುದುರೆ ಮತ್ತು ಇ7ರ ಒಂಟೆಯನ್ನು ಬಿಟ್ಟರೆ ರಾಣಿ, ಎರಡೂ ಆನೆ, ಸಿ8ರ ಒಂಟೆ, ರಾಜ ಎಲ್ಲರೂ ಇಟ್ಟ ಜಾಗದಲ್ಲಿಯೇ ಇದ್ದಾರೆ. ಎರಡು ಕಾಲಾಳಿಗೆ ಆರು ನಡೆ ಎಂಬ ಹಳೆಯ ಅಂದಾಜಿಗೆ ಇದು ಕೊಂಚ ಕಡಿಮೆಯಾದರೂ, ಕಪ್ಪಿನ ರಾಜ ನಡುವೆ ಸಿಕ್ಕಿಕೊಂಡಿರುವುದರಿಂದ ಬಿಳಿಗೆ ನಷ್ಟವಿಲ್ಲ. 17... ಎಫ್6 18. ಸಿ5. ರಾಜ ನಡುವೆ ಸಿಕ್ಕಿಕೊಂಡಿರುವಾಗ ಮಾಡಬೇಕಾದ ಕೆಲಸ ಸಾಲುಗಳನ್ನು ತೆರೆಯುವುದು. ಮೇಟ್ ಹುಡುಕುವುದು ಆಮೇಲೆ. 18... ಕುದುರೆ ಎಫ್7 19. ಸಿ×ಡಿ6 ಸಿ×ಡಿ6 20. ರಾಣಿ ಇ3 ಕುದುರೆ×ಎಚ್6 21. ರಾಣಿ×ಎಚ್6 ಒಂಟೆ ಎಫ್8 22. ರಾಣಿ ಇ3 ಚೆಕ್, ರಾಜ ಎಫ್7 23. ಕುದುರೆ ಡಿ5 ಒಂಟೆ ಇ6 24. ಕುದುರೆ ಎಫ್4 ರಾಣಿ ಇ7 25. ಆನೆ ಇ1. ಇ6ರ ಒಂಟೆಯ ಮೇಲಿನ ಒತ್ತಡಕ್ಕೆ ಉತ್ತರವಿಲ್ಲದೆ ಆನಂದ್ ಆಟ ಬಿಟ್ಟರು. ಅದೇ ವರ್ಷ ಇವರಿಬ್ಬರೂ ನ್ಯೂಯಾರ್ಕ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಎದುರಾದವರು ಎಂಬುದನ್ನು ನೆನೆದರೆ, ಹಳೆಯದೆಂದು ಮೂಲೆಗೆ ಸೇರಿದ್ದ ಗ್ಯಾಂಬಿಟ್‌ಗೆ ಎಷ್ಟು ತೂಕವಿದೆ ಎಂದು ತಿಳಿಯುತ್ತದೆ.

ಈ ಆಟದಲ್ಲಿ ರಾಣಿಯ ಬಲಿಯಿಲ್ಲ, ಕಣ್ಣು ಕೋರೈಸುವ ಮೇಟ್ ಇಲ್ಲ. ಕಲಿಯುವವರಿಗೆ ಎವರ್‌ಗ್ರೀನ್‌ಗಿಂತ ಇದು ಹೆಚ್ಚು ಉಪಯುಕ್ತ ಎಂದು ನಾನು ನಂಬಲು ಅದೇ ಕಾರಣ.

ಹಂತ 5: ಉಳಿದ ಉತ್ತರಗಳು

5... ಒಂಟೆ ಸಿ5 ಬಂದರೆ 6. ಡಿ4 ಇ×ಡಿ4 7. ಕ್ಯಾಸಲಿಂಗ್. ಈಗ 7... ಡಿ×ಸಿ3 ಎಂದು ತಿನ್ನುವುದು ತಪ್ಪು: 8. ಒಂಟೆ×ಎಫ್7 ಚೆಕ್, ರಾಜ×ಎಫ್7 9. ರಾಣಿ ಡಿ5 ಚೆಕ್ ಬಂದು ಸಿ5ರ ಒಂಟೆಯೂ ಹೋಗುತ್ತದೆ, ರಾಜನೂ ಬಯಲಲ್ಲಿ ಉಳಿಯುತ್ತಾನೆ. ಸರಿಯಾದದ್ದು 7... ಡಿ6 8. ಸಿ×ಡಿ4 ಒಂಟೆ ಬಿ6. ಬಿಳಿಯ ಇ4 ಮತ್ತು ಡಿ4 ಕಾಲಾಳುಗಳು ಪಕ್ಕಪಕ್ಕದಲ್ಲಿ ನಿಂತ ಈ ಸ್ಥಿತಿಯನ್ನು ಇವಾನ್ಸ್‌ನ ಸಹಜ ಸ್ಥಿತಿ ಎಂದೇ ಹಿಂದಿನವರು ಕರೆಯುತ್ತಿದ್ದರು. 9. ಕುದುರೆ ಸಿ3 ಸಾಕು. ಕಪ್ಪು 9... ಕುದುರೆ ಎ5 ಎಂದರೆ 10. ಒಂಟೆ ಜಿ5 ಎಂದು ರಾಣಿಯನ್ನು ಕಾಡಿ, ಎಫ್6 ನಡೆಯನ್ನು ಬರಮಾಡಿಕೊಂಡು ರಾಜನ ಬಳಿ ರಂಧ್ರ ಮಾಡಬಹುದು.

ಕಪ್ಪು ಕಾಲಾಳನ್ನೇ ಮುಟ್ಟದೆ 4... ಒಂಟೆ ಬಿ6 ಎಂದು ಹಿಂದೆ ಸರಿದರೆ ಅನೇಕರು ನಿರಾಶರಾಗುತ್ತಾರೆ. ಅದರ ಅಗತ್ಯವಿಲ್ಲ. 5. ಎ4 ಎಂದು ಒಂಟೆಯನ್ನು ಹಿಡಿಯುವ ಬೆದರಿಕೆ ಹಾಕಿ, 5... ಎ6 6. ಕುದುರೆ ಸಿ3 ಎಂದು ಆಡಿ ಕುದುರೆಯನ್ನು ಡಿ5ಕ್ಕೆ ಕಳಿಸುವ ಯೋಜನೆ ಹಾಕಿ. ಏನನ್ನೂ ಕೊಡದೆ ಒಂದಿಷ್ಟು ಜಾಗ ಸಿಕ್ಕಿದೆ. 5. ಬಿ5 ಎಂದು ಕುದುರೆಯನ್ನು ಓಡಿಸುವ ಆಸೆ ಮಾತ್ರ ಬೇಡ. ಅದು ಎ5ಕ್ಕೆ ಹಾರಿ ನಿಮ್ಮ ಸಿ4ರ ಒಂಟೆಯನ್ನೇ ಕಾಡುತ್ತದೆ.

ಕಪ್ಪು ಮೂರನೆಯ ನಡೆಯಲ್ಲಿ ಒಂಟೆಯ ಬದಲು 3... ಕುದುರೆ ಎಫ್6 ಆಡಿದರೆ ಇವಾನ್ಸ್ ಗ್ಯಾಂಬಿಟ್‌ಗೆ ಅವಕಾಶವೇ ಇಲ್ಲ. ಆಗ 4. ಡಿ4 ಇ×ಡಿ4 5. ಕ್ಯಾಸಲಿಂಗ್ ಅದೇ ಮನೋಧರ್ಮದ ಆಟ, 5... ಕುದುರೆ×ಇ4 6. ಆನೆ ಇ1 ಡಿ5 7. ಒಂಟೆ×ಡಿ5 ರಾಣಿ×ಡಿ5 8. ಕುದುರೆ ಸಿ3 ಎಂದು ಕೊಟ್ಟದ್ದು ಮರಳಿ ಬರುತ್ತದೆ.

ಹಂತ 6: ಪ್ರತಿ ನಡೆಗೂ ಮುನ್ನ ಏನನ್ನು ನೋಡಬೇಕು

ಸಾಲುಗಳ ಬಾಯಿಪಾಠ ಹತ್ತನೆಯ ನಡೆಯ ಹೊತ್ತಿಗೆ ಮುಗಿದುಹೋಗುತ್ತದೆ. ಎದುರಾಳಿ ಪುಸ್ತಕದಲ್ಲಿಲ್ಲದ ನಡೆಯನ್ನು ಆರನೆಯದರಲ್ಲಿಯೇ ಆಡಿಬಿಡಬಹುದು. ಆಮೇಲೆ ಕೈಹಿಡಿಯುವುದು ಗಮನಿಸುವ ಅಭ್ಯಾಸ ಮಾತ್ರ. ಮೊದಲು ನೋಡಬೇಕಾದದ್ದು ಕಪ್ಪಿನ ರಾಜ ಇನ್ನು ಎಷ್ಟು ನಡೆಗಳಲ್ಲಿ ಕ್ಯಾಸಲಿಂಗ್ ಮಾಡಬಲ್ಲ ಎಂಬುದನ್ನು. ಒಂದೇ ನಡೆಯಾದರೆ, ಅದನ್ನು ತಡೆಯುವ ದಾರಿ ಇದೆಯೇ ಎಂದು ಹುಡುಕುವುದು ಬೇರೆಲ್ಲಕ್ಕಿಂತ ಮುಖ್ಯ: ಒಂಟೆ ಎ3, ಒಂಟೆ ಎಚ್6, ಇ ಸಾಲಿನ ಆನೆ ಇವು ಸಾಮಾನ್ಯ ಸಾಧನಗಳು. ಎರಡನೆಯದಾಗಿ, ಕಪ್ಪು ಡಿ5 ಆಡಿ ಕಾಲಾಳನ್ನು ಹಿಂದಿರುಗಿಸಬಲ್ಲದೇ ಎಂದು ನೋಡಬೇಕು. ಹೌದಾದರೆ ಅದು ಬಂದ ಮೇಲಿನ ಸ್ಥಿತಿಯನ್ನು ಈಗಲೇ ಲೆಕ್ಕ ಹಾಕಿಡಿ.

ರಾಣಿಗಳ ವಿನಿಮಯದ ವಿಷಯದಲ್ಲಿ ಗಟ್ಟಿಯಾಗಿರಬೇಕು. ಕಾಲಾಳು ಕಡಿಮೆ ಇರುವಾಗ ರಾಣಿ ಹೋದರೆ ದಾಳಿಯ ಬಹುಪಾಲು ಬಲ ಹೋಗುತ್ತದೆ. ಹಾಗೆಂದು ರಾಣಿಯನ್ನು ಉಳಿಸಲು ಮೂರು ನಡೆ ಹಿಂದೆ ಓಡುವುದೂ ಸರಿಯಲ್ಲ. ವಿನಿಮಯದ ನಂತರವೂ ಎದುರಾಳಿಯ ರಾಜ ನಡುವೆ ಸಿಕ್ಕಿಕೊಂಡು, ನಿಮ್ಮ ಆನೆಗಳು ತೆರೆದ ಸಾಲುಗಳಲ್ಲಿ ನಿಂತಿದ್ದರೆ ಧೈರ್ಯವಾಗಿ ಬದಲಾಯಿಸಬಹುದು.

ಎಲ್ಲಕ್ಕಿಂತ ಹೆಚ್ಚು ಅಂಕಗಳು ಕೈಬಿಡುವುದು ಗಳಿಕೆಯ ರೂಪ ಬದಲಿಸಲು ಒಪ್ಪದ ಹಠದಿಂದ. ನಿಮ್ಮ ವೇಗದಿಂದ ಎದುರಾಳಿ ಜಿ6 ಅಥವಾ ಎಫ್6 ಆಡಬೇಕಾಯಿತು, ಎರಡು ಒಂಟೆಗಳಲ್ಲಿ ಒಂದನ್ನು ಕೊಡಬೇಕಾಯಿತು, ಅಥವಾ ನಿಮಗೆ ಕಾಲಾಳು ಮರಳಿ ಸಿಕ್ಕಿ ಮೇಲುಗೈ ಉಳಿಯಿತು ಎಂದರೆ ಗ್ಯಾಂಬಿಟ್ ತನ್ನ ಕೆಲಸ ಮುಗಿಸಿದೆ. ಅಲ್ಲಿಂದ ಮುಂದೆ ಅದು ಒಳ್ಳೆಯ ಸ್ಥಿತಿಯ ಸಾಮಾನ್ಯ ಆಟ. ಅಲ್ಲಿಯೂ ಎಫ್7ರಲ್ಲಿ ಇನ್ನೊಂದು ಬಲಿ ಕೊಡಲು ಕೈ ತುರಿಸಿದರೆ, ಆ ಬಲಿಯ ನಂತರದ ಮೂರು ನಡೆ ಕಣ್ಣಿಗೆ ಕಾಣುವವರೆಗೆ ಕೈ ಎತ್ತಬೇಡಿ.

ಹಂತ 7: ಅಭ್ಯಾಸದ ಕ್ರಮ

ಮೊದಲು ಇವಾನ್ಸ್‌ನ ಸಹಜ ಸ್ಥಿತಿ, ಎ5ರ ಒಂಟೆಯ ಸ್ಥಿತಿ, ಇ7ರ ಒಂಟೆಯ ಸ್ಥಿತಿ ಇವು ಮೂರನ್ನು ಮಣೆಯ ಮೇಲೆ ನೆನಪಿನಿಂದ ಜೋಡಿಸಲು ಕಲಿಯಿರಿ. ನಂತರ ಒಬ್ಬ ಜೊತೆಗಾರರೊಡನೆ ಪ್ರತಿಯೊಂದನ್ನೂ ಎರಡೂ ಬಣ್ಣದಿಂದ ಆಡಿ. ಕಪ್ಪಿನ ಕಡೆ ಕುಳಿತು ಕಾಲಾಳನ್ನು ಕಾಪಾಡಿಕೊಳ್ಳಲು ಹೆಣಗಿದವರಿಗೆ ಬಿಳಿಯ ಯಾವ ನಡೆಗಳು ನಿಜವಾಗಿ ನೋಯಿಸುತ್ತವೆ ಎಂಬುದು ತಿಳಿಯುತ್ತದೆ. ಇದನ್ನು ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸುವುದಿಲ್ಲ. ಶುರುವಿನಲ್ಲಿ ಬ್ಲಿಟ್ಜ್ ಬೇಡ. ಮೂರು ನಿಮಿಷದ ಆಟದಲ್ಲಿ ಯಾವ ಗ್ಯಾಂಬಿಟ್ ಆದರೂ ಗೆಲ್ಲುತ್ತದೆ, ಯಾವ ಕಾರಣಕ್ಕೆ ಗೆದ್ದಿತೆಂದು ಮಾತ್ರ ಗೊತ್ತಾಗುವುದಿಲ್ಲ. ಒಬ್ಬೊಬ್ಬರಿಗೆ ಹದಿನೈದು ನಿಮಿಷವಾದರೂ ಇರುವ ಆಟಗಳನ್ನು ಆಡಿ, ಮುಗಿದ ಕೂಡಲೇ ಕಾಲಾಳು ಕೊಟ್ಟ ನಡೆಯಿಂದ ಐದೈದು ನಡೆಗೊಮ್ಮೆ ಹೊರಬಂದ ಕಾಯಿಗಳನ್ನು ಎಣಿಸಿ ಬರೆದುಕೊಳ್ಳಿ. ಯಾವ ನಡೆಯಲ್ಲಿ ನಿಮ್ಮ ಮುನ್ನಡೆ ಸೊನ್ನೆಗೆ ಇಳಿಯಿತೋ ಆ ನಡೆಯ ಹಿಂದಿನ ಸ್ಥಿತಿಯನ್ನು ಮತ್ತೆ ಜೋಡಿಸಿ.

ಕಂಪ್ಯೂಟರ್ ಎಂಜಿನ್ನನ್ನು ಕೊನೆಗೆ ತೆರೆಯುವುದು ಒಳ್ಳೆಯದು. ಅದು ಇವಾನ್ಸ್‌ನ ಹಲವು ಸಾಲುಗಳನ್ನು ನೋಡಿ ಬಿಳಿಗೆ ವಿಶೇಷ ಲಾಭವಿಲ್ಲ ಎನ್ನುತ್ತದೆ, ಕೆಲವೆಡೆ ಕಪ್ಪಿನ ಪರವಾಗಿ ವಾಲುತ್ತದೆ. ಆ ತೀರ್ಪು ಕಪ್ಪು ಸತತವಾಗಿ ಒಂದೇ ಒಂದು ಸರಿಯಾದ ನಡೆಯನ್ನು ಆರೇಳು ಬಾರಿ ಹುಡುಕಿದಾಗ ಮಾತ್ರ ಸಲ್ಲುತ್ತದೆ. ಎಂಜಿನ್ ತೋರಿಸುವ ಅಂಕಿಗಿಂತ, ಅದು ಕಪ್ಪಿಗೆ ಸೂಚಿಸುವ ಮೊದಲ ಮತ್ತು ಎರಡನೆಯ ನಡೆಗಳ ನಡುವಿನ ಅಂತರವನ್ನು ನೋಡಿ. ಆ ಅಂತರ ದೊಡ್ಡದಾಗಿರುವ ಸ್ಥಿತಿಗಳಿಗೆ ಎದುರಾಳಿಯನ್ನು ಕರೆದೊಯ್ಯುವ ಸಾಲುಗಳನ್ನೇ ನಿಮ್ಮ ಆಯ್ಕೆಗೆ ಇಟ್ಟುಕೊಳ್ಳಿ. ಲಿಚೆಸ್‌ನಂಥ ಉಚಿತ ತಾಣದಲ್ಲಿರುವ ಆಟಗಳ ಸಂಗ್ರಹದಲ್ಲಿ ನಿಮ್ಮ ರೇಟಿಂಗ್ ಮಟ್ಟದವರು 5. ಸಿ3 ಬಂದ ಮೇಲೆ ಏನು ಆಡುತ್ತಾರೆಂದು ನೋಡಬಹುದು. ನಿಮ್ಮ ಮಟ್ಟದಲ್ಲಿ ಒಂಟೆಯನ್ನು ಯಾವ ಮನೆಗೆ ಹೆಚ್ಚಾಗಿ ಒಯ್ಯುತ್ತಾರೋ ಅದನ್ನು ಮೊದಲು ಓದಿ. ಗ್ರಾಂಡ್‌ಮಾಸ್ಟರ್‌ಗಳ ಇಷ್ಟದ ಸಾಲು ನಿಮಗೆ ಎದುರಾಗುವ ಹೊತ್ತಿಗೆ ಅದನ್ನು ಕಲಿಯಲು ಸಮಯ ಇದ್ದೇ ಇರುತ್ತದೆ.